ಹಳದಿ ಉಣ್ಣೆಯ ಗಂಟು

ಡೋರೀನ್,

ಇವತ್ತು ಜಿಂಪಿ ಊರಿನ ಪೈನ್ ತೋಪಿನಲ್ಲಿ ನಿನ್ನ ತಾಯಿಮರವನ್ನು ಕಡಿದರು. ಇನ್ನೂ ಬೇಗ ಬೆಳೆಯುವ, ಇನ್ನೂ ನೆಟ್ಟಗಿನ ಮಿಶ್ರತಳಿ ಪೈನ್ ಬಂದಿದೆ. ಹಳೆಯ ಮರ ಯಾರಿಗೂ ಬೇಡ. ನೀನು ಬಿದ್ದ ಮೇಲೆ ಅದನ್ನು ಯಾರೂ ಹತ್ತಿರಲಿಲ್ಲ.

ಮರ ಉರುಳಿದಾಗ ಮೇಲಿನ ಕೊಂಬೆಯಲ್ಲಿ ನಿನ್ನ ಹಳದಿ ಉಣ್ಣೆಯ ಗಂಟು ಕಾಣಿಸಿತು. ತಳಿ ಬೆರೆಸಲು ಹೆಣ್ಣು ಹೂವಿಗೆ ಚೀಲ ಕಟ್ಟಿ, ಟೊಳ್ಳು ಸೂಜಿಯಿಂದ ಒಳಗೆ ಬೇರೆ ಜಾತಿಯ ಪರಾಗ ಊದಿದ್ದೆಯಲ್ಲ, ಆ ಚೀಲದ್ದು. ಚೀಲ ಯಾವಾಗಲೋ ಹರಿದುಹೋಗಿದೆ.

ಹೊಸ ಮೇಸ್ತ್ರಿ ಕೆಂಡಲ್ ನಕ್ಕ. "ಯಾವ ಸೋಮಾರಿದು ಎನಿಡ್, ಇದು? ಕಟ್ಟಿದೋರೇ ಬಿಚ್ಚಬೇಕು ಅಂತ ದಿನಾ ನಮ್ಮ ತಲೆ ತಿಂತೀರಲ್ಲ!"

"ಅವಳು ಬಿಚ್ಚೋಕೇ ಹತ್ತಿದ್ದು ಕಣೋ," ಅಂದೆ.

ಅವನು ಟೋಪಿ ತೆಗೆದ. ಆ ದಿನದ ಗಾಳಿ ಅವನಿಗೆ ಗೊತ್ತಿಲ್ಲ. "ನಾಳೆ ಬಿಚ್ತೀನಿ ಬಿಡೇ" ಎಂದು ನೀನು ಯಾರಿಗೆ ಹೇಳಿದೆ, ಇವತ್ತೇ ಆಗಬೇಕೆಂದು ನಿನ್ನನ್ನು ಹತ್ತಿಸಿದ್ದು ಯಾರು ಎಂಬುದೂ ಗೊತ್ತಿಲ್ಲ.

ಕೊಂಬೆಯನ್ನು ಮನೆಗೆ ತಂದು ಅಡುಗೆಮನೆಯ ಮೇಜಿನ ಮೇಲಿಟ್ಟಿದ್ದೇನೆ. ತೊಗಟೆ ಗಂಟನ್ನು ಅರ್ಧ ನುಂಗಿದೆ, ಉಗುರು ಇಳಿಯುತ್ತಿಲ್ಲ, ಬೆರಳೆಲ್ಲ ಅಂಟು. ಚಾಕು ಪಕ್ಕದಲ್ಲೇ ಇದೆ.

ಆದರೆ ಕಟ್ಟಿದವಳು ನೀನು.

ಎನಿಡ್