ಅಕ್ಕನಿಗೆ ಹೇಳಿದ ತೂಕ

ಜನವರಿ 9, ಬೆಳಿಗ್ಗೆ 5:10

ಮತ್ತೆ ಮೊದಲ ಟ್ರಿಪ್ಪು ನನ್ನದೇ. ಬಸ್ಸು ಹತ್ತುವ ಮೊದಲೇ ಎರಡು ಬನ್ನು ಒಳಗೆ ಹೋಗಿಯಾಯಿತು. ಡಿಪೋ ಕ್ಯಾಂಟೀನಿನವನು ಕೇಳದೆಯೇ ಚಹಾಕ್ಕೆ ಮೂರು ಚಮಚ ಸಕ್ಕರೆ ಹಾಕುತ್ತಾನೆ. ಬೇಡ ಎನ್ನಲು ಬಾಯಿ ಬರಲಿಲ್ಲ.

ಡಯಟಿಷಿಯನ್ ಮೇಡಂ ಕೊಟ್ಟ ಚೀಟಿ ಹನ್ನೊಂದು ದಿನದಿಂದ ಜೇಬಿನಲ್ಲೇ ಇದೆ. ದೊಡ್ಡದೇನೂ ಹೇಳಿಲ್ಲ ಅವರು. ಡ್ರೈವರ್ ಸೀಟಲ್ಲಿ ಕೂತು ತಿನ್ನಬಾರದು. ತಟ್ಟೆಯ ಅರ್ಧ ತರಕಾರಿ. ಅನ್ನ ಒಂದೇ ಸಲ. "ಉಪವಾಸ ಗಿಪವಾಸ ಬೇಡ ಸರ್. ಜೀವನಪೂರ್ತಿ ಮಾಡೋಕಾಗೋದನ್ನ ಮಾತ್ರ ಮಾಡಿ."

ನೂರಾ ಹನ್ನೆರಡು ಕೆ.ಜಿ. ಇದ್ದೇನೆ. ತೊಂಬತ್ತಕ್ಕೆ ಇಳಿದರೆ ಮಾತ್ರ ನನ್ನ ಕಿಡ್ನಿ ಅಕ್ಕನಿಗೆ. ಮಿಕ್ಕ ಟೆಸ್ಟೆಲ್ಲ ಪಾಸು. ಹೊಟ್ಟೆಯೊಂದೇ ಫೇಲು.

ಜನವರಿ 30

ಚೀಟಿ ಬಿಟ್ಟು ನನ್ನದೇ ದಾರಿ ಹಿಡಿದೆ. ನಾಲ್ಕು ದಿನ ಬರೀ ನೀರು, ಹಣ್ಣು. ಎರಡೂವರೆ ಕೆ.ಜಿ. ಇಳಿಯಿತು! ಐದನೇ ದಿನ ಸಂಜೆ ಅಡುಗೆಮನೆಯಲ್ಲಿ ನಿಂತುಕೊಂಡೇ ಒಂದು ಇಡೀ ಬ್ರೆಡ್ಡು, ಮೇಲೆ ಜಾಮು. ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು. "ಕೂತ್ಕೊಂಡಾದ್ರೂ ತಿನ್ನಿ," ಎಂದಳಷ್ಟೆ. ಬೈದಿದ್ದರೆ ವಾಸಿಯಿತ್ತು.

ಫೆಬ್ರವರಿ 21, ಮಧ್ಯಾಹ್ನ

ಅಕ್ಕನ ಫೋನು. "ಎಷ್ಟಕ್ಕೆ ಬಂತೋ ಗುಂಡಾ?"

ಬೆಳಿಗ್ಗೆ ತಾನೇ ನೋಡಿದ್ದೆ — ನೂರಾ ಹನ್ನೊಂದು. ಬಾಯಿಗೆ ಬಂದದ್ದು ಬೇರೆ. "ತೊಂಬತ್ತೆಂಟು, ಅಕ್ಕಾ."

"ಹೌದೇನೋ! ನನ್ನ ರಾಜಾ!" ಹೊಲಿಗೆ ಮೆಷಿನ್ನಿನ ಸದ್ದು ನಿಂತಿತು. ಭಾವನನ್ನು ಕರೆದು ಹೇಳುವುದೂ ಕೇಳಿಸಿತು. ವಾರಕ್ಕೆ ಮೂರು ದಿನ ಡಯಾಲಿಸಿಸ್ಸು, ಉಳಿದ ದಿನ ಸ್ಕೂಲ್ ಯೂನಿಫಾರ್ಮ್ ಹೊಲಿಯುವವಳು. ಅಷ್ಟು ಖುಷಿ ಅವಳ ದನಿಯಲ್ಲಿ ಕೇಳಿ ಎಷ್ಟು ದಿನವಾಗಿತ್ತೋ.

ಅಮ್ಮ ಹೋದ ಮೇಲೆ ತುತ್ತು ಮಾಡಿ ಉಣಿಸಿ ಈ ಹೊಟ್ಟೆ ಬೆಳೆಸಿದವಳೇ ಅವಳು. ಒಂದು ತಿಂಗಳಲ್ಲಿ ನಿಜಕ್ಕೂ ಅಷ್ಟಕ್ಕೆ ಇಳಿಸಿಬಿಟ್ಟರೆ ಸುಳ್ಳು ಸುಳ್ಳಾಗಿ ಉಳಿಯುವುದಿಲ್ಲ...

ಮಾರ್ಚ್ 14

ಇದನ್ನು ಬರೆಯಲೇಬೇಕು.

ಡಯಾಲಿಸಿಸ್ ವಾರ್ಡಿಗೆ ಹೋಗಿದ್ದೆ. ಅಕ್ಕನ ಕೈಗೆ ಟ್ಯೂಬು. ಭಾವ ಪಕ್ಕದ ಸ್ಟೂಲಿನಲ್ಲಿ. ಭಾವನ ರಕ್ತದ ಗುಂಪು ಅಕ್ಕನಿಗೆ ಹೊಂದುವುದಿಲ್ಲ. ಆದರೆ ಅಂಥದೇ ಕಷ್ಟದ ಇನ್ನೊಂದು ಕುಟುಂಬ ಸಿಕ್ಕಿದೆಯಂತೆ. ಭಾವನ ಕಿಡ್ನಿ ಅವರ ರೋಗಿಗೆ, ಅವರ ಕಡೆಯದು ಅಕ್ಕನಿಗೆ. ಅದಲುಬದಲು. ಈ ವಾರದೊಳಗೆ ಒಪ್ಪಿಗೆ ಹೇಳಬೇಕು.

"ನಾನು ರೆಡಿ," ಎಂದ ಭಾವ.

"ನಿಮಗೆ ಬಿ.ಪಿ. ಬೇರೆ ಇದೆ. ಯಾಕೆ ಸುಮ್ನೆ? ನನ್ನ ತಮ್ಮ ಇಳಿಸ್ತಾ ಇದಾನಲ್ಲ, ಇನ್ನೆಂಟು ಕೆ.ಜಿ. ತಾನೇ," ಎಂದಳು ಅಕ್ಕ. ನನ್ನ ಕಡೆ ತಿರುಗಿದಳು. "ಅಲ್ವೇನೋ?"

ಭಾವನೂ ನನ್ನನ್ನೇ ನೋಡಿದ. "ಸತ್ಯ ಹೇಳಪ್ಪ, ಆಗುತ್ತಾ?"

"ಆಗುತ್ತೆ, ಭಾವ."

ಹೊರಗೆ ಬಂದು ಆಸ್ಪತ್ರೆಯ ಗೇಟಿನಲ್ಲೇ ಎರಡು ಪೊಟ್ಟಣ ಬಿಸ್ಕತ್ತು ತಿಂದೆ. ರುಚಿ ಗೊತ್ತಾಗಲಿಲ್ಲ.

ಏಪ್ರಿಲ್ 2

ಆಸ್ಪತ್ರೆಯ ತಕ್ಕಡಿ. 109.4. ಶೂ ಬಿಚ್ಚಿದರೂ ಅಷ್ಟೇ.

ಮೇಡಂ ಫೈಲು ನೋಡಿದರು, ನನ್ನನ್ನು ನೋಡಿದರು. "ನಿಮ್ಮಕ್ಕ ಬೇರೆ ಲೆಕ್ಕ ಹೇಳಿದ್ರಲ್ಲ ಸರ್?"

ಆ ಇನ್ನೊಂದು ಕುಟುಂಬದ ಬಗ್ಗೆ ಕೇಳಿದೆ. ಅವರಿಗೆ ಬೇರೆ ಜೋಡಿ ಸಿಕ್ಕಿ, ಆಪರೇಷನ್ನಿನ ದಿನವೂ ಗೊತ್ತಾಗಿದೆ.

"ಅಕ್ಕನಿಗೆ ಹೇಳಬೇಡಿ, ಮೇಡಂ."

"ನಾನು ಹೇಳಲ್ಲ. ಹೇಳಬೇಕಾದೋರು ನೀವು."

ಹೇಳಲಿಲ್ಲ. ಇನ್ನೂ ಸ್ವಲ್ಪ ಟೈಮ್ ಬೇಕಂತೆ ಎಂದೆ. ಅಕ್ಕ ನಂಬಿದಳು.

ಏಪ್ರಿಲ್ 19

ಬುತ್ತಿ ಡಬ್ಬಿ ಒಯ್ಯುತ್ತಿದ್ದೇನೆ. ಮೇಜಿಗೆ ಕೂತು ತಿನ್ನುವುದು. ಕಂಡಕ್ಟರ್ ಎದುರಿಗೆ ಕೂತು ಕಾವಲು ಕಾಯುತ್ತಾನೆ. "ನಿಧಾನ ಗುರೂ, ಬಸ್ಸೇನೂ ಓಡಿಹೋಗಲ್ಲ. ಅದನ್ನ ಓಡಿಸೋನೇ ನೀನು." ಚಹಾಕ್ಕೆ ಅರ್ಧ ಚಮಚ. ಮನೆಗೆ ಎರಡು ಸ್ಟಾಪು ನಡೆದು. ಇಷ್ಟೇ. ಇಷ್ಟೇ ಆಗಿತ್ತು ಮಾಡಬೇಕಾದದ್ದು.

ಜೂನ್ 7

101. ನಿನ್ನೆ ಜಾರಿದೆ, ಚಿಪ್ಸು. ಇವತ್ತು ಬೆಳಿಗ್ಗೆ ಮತ್ತೆ ಡಬ್ಬಿ ತುಂಬಿಸಿಕೊಂಡು ಹೊರಟೆ. ಮೊದಲಾಗಿದ್ದರೆ ಒಂದು ದಿನ ಜಾರಿದ್ದಕ್ಕೆ ಒಂದು ವಾರ ಉರುಳುತ್ತಿದ್ದೆ.

ಅಕ್ಕನಿಗೆ ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತಿದೆಯಂತೆ.

ಸೆಪ್ಟೆಂಬರ್ 12

93. ಪ್ಯಾಂಟು ಸಡಿಲ. ಡಿಪೋದಲ್ಲಿ ಎಲ್ಲರೂ ಬೆನ್ನು ತಟ್ಟುತ್ತಾರೆ. ತಟ್ಟಿಸಿಕೊಳ್ಳಲು ಮನಸ್ಸಾಗುವುದಿಲ್ಲ. ಅಕ್ಕ ಹೋದ ವಾರ ಮೂರು ದಿನ ಐ.ಸಿ.ಯು.ನಲ್ಲಿದ್ದಳು.

ನವೆಂಬರ್ 6

89.7.

ಡಾಕ್ಟರು ತಮ್ಮ ಕೋಣೆಗೆ ಕರೆದು ಬಾಗಿಲು ಹಾಕಿದರು. ಆಗಲೇ ಗೊತ್ತಾಯಿತು. ಅಕ್ಕನ ಹೃದಯ ಸೋತಿದೆ. ಆಪರೇಷನ್ ತಡೆಯುವುದಿಲ್ಲ. ಡಯಾಲಿಸಿಸ್ಸೇ ಇನ್ನು ಗತಿ, ಎಷ್ಟು ದಿನವೋ ಅಷ್ಟು ದಿನ.

"ಬೇಸಿಗೆಯಲ್ಲೇ ಆಗಿದ್ರೆ..." ಎಂದವರು ಮಾತು ನುಂಗಿಕೊಂಡರು. "ನಿಮ್ಮ ಪ್ರಯತ್ನ ದೊಡ್ಡದು. ಇದನ್ನ ಬಿಡಬೇಡಿ."

ಕೈಮುಗಿದು ಎದ್ದು ಬಂದೆ. ಅವರಿಗೆ ನನ್ನ ಪ್ರಯತ್ನ ಮಾತ್ರ ಗೊತ್ತು.

ನವೆಂಬರ್ 8

ಹೇಳಿದೆ. ಅಕ್ಕ ಮಂಚದ ಮೇಲೆ ದಿಂಬಿಗೆ ಒರಗಿದ್ದಳು. ಭಾವ ಔಷಧಿ ತರಲು ಹೋಗಿದ್ದ. ಆ ತೊಂಬತ್ತೆಂಟು ಸುಳ್ಳು, ಅವತ್ತು ವಾರ್ಡಿನಲ್ಲಿ ಹೇಳಿದ್ದೂ ಸುಳ್ಳು ಎಂದೆ.

ಬಹಳ ಹೊತ್ತು ನನ್ನ ಕತ್ತಿನ ಕಡೆ ನೋಡುತ್ತಿದ್ದಳು — ಕೊಬ್ಬು ಕರಗಿ ಜೋತುಬಿದ್ದ ಚರ್ಮದ ಕಡೆ.

"ದಪ್ಪ ಇದೀನಿ ಅಂದಿದ್ರೆ ನಾನೇನು ಬೈತಿದ್ನೇನೋ?"

"ಇಲ್ಲ, ಅಕ್ಕಾ."

"ನಿಮ್ಮ ಭಾವ ರೆಡಿ ಇದ್ರು. ನಾನೇ ಬೇಡ ಅಂದೆ." ಮತ್ತೆ, ಇನ್ನೂ ಮೆಲ್ಲಗೆ, "ನಿನ್ನ ನಂಬಿ ಬೇಡ ಅಂದೆ." ಗೋಡೆಯ ಕಡೆ ಹೊರಳಿದಳು. "ಈಗ ಹೋಗು."

ನವೆಂಬರ್ 15

ಫೋನು ಎತ್ತುತ್ತಿಲ್ಲ. ಹಸಿವಾಗದಿದ್ದರೂ ಹೊತ್ತಿಗೆ ಸರಿಯಾಗಿ ಡಬ್ಬಿ ಬಿಚ್ಚುತ್ತೇನೆ. ಬಿಟ್ಟರೆ ಹಳೆಯ ಹೊಟ್ಟೆ ಕಾದು ಕೂತಿದೆ. 89.9.

ನವೆಂಬರ್ 27, ಮಧ್ಯಾಹ್ನ 1:40

ಡಿಪೋದಲ್ಲಿದ್ದೇನೆ. ಹತ್ತೊಂಬತ್ತು ದಿನದ ಮೇಲೆ ಅಕ್ಕ ತಾನಾಗಿ ಫೋನ್ ಮಾಡಿದಳು. ದನಿ ಇಳಿದುಹೋಗಿದೆ.

"ಊಟ ಆಯ್ತಾ?"

"ಆಯ್ತು."

"ಏನು ತಿಂದೆ? ಇದ್ದದ್ದು ಇದ್ದ ಹಾಗೆ ಹೇಳು."

"ಒಂದು ಬಟ್ಟಲು ಅನ್ನ. ಬೇಳೆ. ಒಂದು ಮೊಟ್ಟೆ. ಸೌತೆಕಾಯಿ."

"ಆಮೇಲೆ?"

"ಕಂಡಕ್ಟರ್ ಮಗಳು ಹುಟ್ಟಿದ ದಿನ ಅಕ್ಕಾ ಇವತ್ತು. ಕೇಕು ಒಂದು ತುಂಡು."

"ಚಿಕ್ಕದಾ?"

"ಇಲ್ಲ. ದೊಡ್ಡದು."

ಆ ಕಡೆ ಉಸಿರು, ಎಳೆದೆಳೆದು. ಕಂಡಕ್ಟರ್ ಸೀಟಿ ಊದಿದ. "ಬಸ್ಸು ತೆಗೀಬೇಕು ಅಕ್ಕಾ," ಎಂದೆ. "ಹೂಂ, ಹೋಗು," ಎಂದಳು. ಎಂದಳು, ಆದರೆ ಫೋನು ಇಡಲಿಲ್ಲ. ನಾನೂ ಇಡಲಿಲ್ಲ.