ಹೆಸರು ತೆಗೆಯಲು ಕಾರಣ

ಬೈಂಡಿಂಗ್ ಅಂಗಡಿಯ ಮೇಲಿನ ಕೋಣೆ,
ಗುರುವಾರ, ತಾರೀಖು ಹದಿನಾಲ್ಕು

ಪ್ರೀತಿಯ ಮಗಳೇ,

ಹೇಗಿದ್ದೀಯ? ಹೋದ ಸಲ ಫೋನು ಮಾಡಿದಾಗ ನೀನು ಕೆಮ್ಮುತ್ತಿದ್ದೆ. ಕೇಳಿದರೆ ಗಂಟಲಿಗೆ ಧೂಳು ಹೋಯಿತು ಅಂದೆ. ಆಸ್ಪತ್ರೆಯ ಒಳಗೇ ಅಷ್ಟು ಧೂಳಿದ್ದರೆ ಪಾಪ, ರೋಗಿಗಳ ಗತಿಯೇನು? ಕಂಡವರಿಗೆಲ್ಲ ಹೊತ್ತುಹೊತ್ತಿಗೆ ಮಾತ್ರೆ ನುಂಗಿಸುವ ನರ್ಸಮ್ಮ ತನ್ನ ಕೆಮ್ಮಿಗೆ ಮಾತ್ರ ಬಿಸಿನೀರು ಕುಡಿದು ಸುಮ್ಮನಾಗುತ್ತಾಳೆ. ನಾನು ಚೆನ್ನಾಗಿದ್ದೇನೆ. ದಬ್ಬಣ ಹಿಡಿದಾಗ ಬಲಗೈ ಹೆಬ್ಬೆರಳು ಸ್ವಲ್ಪ ತಕರಾರು ಮಾಡುತ್ತದೆ, ಬೈದರೆ ಸುಮ್ಮನಾಗುತ್ತದೆ. ಫೋನು ಇರುವಾಗ ಕಾಗದ ಯಾಕೆ ಬಂತು ಅಂತ ಗಾಬರಿಯಾಗಬೇಡ, ಯಾರಿಗೂ ಏನೂ ಆಗಿಲ್ಲ. ಫೋನಿನಲ್ಲಿ ನಾನು ಮುಖ್ಯ ವಿಷಯಕ್ಕೆ ಬರುವಷ್ಟರಲ್ಲಿ ನೀನು ‘ಊಟ ಆಯ್ತಾ ಅತ್ತೆ’ ಅಂತ ಮಾತು ತಿರುಗಿಸಿಬಿಡುತ್ತೀಯ. ಕಾಗದದ ಹತ್ತಿರ ಆ ಆಟ ನಡೆಯುವುದಿಲ್ಲ.

ಹೋದ ಶನಿವಾರ ನಿಮ್ಮ ಆಸ್ಪತ್ರೆಯ ಔಷಧಿ ಕೌಂಟರಿನವರು ನಮ್ಮ ಅಂಗಡಿಗೆ ಬಂದಿದ್ದರು. ಈ ಸಾಲು ಓದಿ ನೀನು ಕಾಗದ ಮಡಿಸಿಟ್ಟು ಎದ್ದು ಹೋಗುತ್ತೀಯ ಅಂತ ಗೊತ್ತು. ಹೋಗು, ಒಂದು ಲೋಟ ನೀರು ಕುಡಿದು ಬಾ. ಔಷಧಿಗಳ ಕೈಪಿಡಿಯೊಂದಕ್ಕೆ ಬೈಂಡ್ ಹಾಕಿಸಬೇಕು ಅಂದರು. ನಾಲ್ಕು ಗಂಟೆ ಬಸ್ಸಿನಲ್ಲಿ ಕೂತು ಬಂದು ಬೈಂಡ್ ಹಾಕಿಸುವಂಥದ್ದೇನಿದೆ ಅಂತ ಪುಸ್ತಕ ಬಿಚ್ಚಿ ನೋಡಿದೆ. ಬಳಸಿ ಬಳಸಿ ಹರಿದ ಕಾಗದದ ಅಂಚು ಬಟ್ಟೆಯ ಹಾಗೆ ಮೆತ್ತಗಾಗಿರುತ್ತದೆ. ಇದರ ಅಂಚು ಬೆಳ್ಳಗೆ, ಹೊಸದಾಗಿ, ಅವತ್ತೇ ಬೆಳಿಗ್ಗೆ ಕಿತ್ತ ಹಾಗಿತ್ತು. ಹೊಲಿಗೆ ಒಂದೂ ಸಡಿಲವಾಗಿರಲಿಲ್ಲ. ನಲವತ್ತು ವರ್ಷ ಇದೇ ಕೆಲಸ ಮಾಡಿದವಳ ಕಣ್ಣಿಗೆ ಮಣ್ಣೆರಚಲು ಬಂದಿದ್ದಾನೆ ಪುಣ್ಯಾತ್ಮ ಅಂದುಕೊಂಡು, ನಾನೂ ಸುಮ್ಮನೆ ಅಂಟು ಕಲಸುತ್ತಾ ಕೂತೆ. ಅವರು ಗೋಡೆ ನೋಡಿದರು, ಕತ್ತರಿಸುವ ಮಷೀನು ನೋಡಿದರು, ರಟ್ಟಿನ ಕಟ್ಟುಗಳನ್ನು ಎರಡು ಸಲ ಎಣಿಸಿದರು ಅಂತ ಕಾಣುತ್ತದೆ. ಕೊನೆಗೆ ಹೇಳಿದರು: “ಅಮ್ಮ, ನಾನು ನಿಮ್ಮ ಸೊಸೆಯವರನ್ನ ಮದುವೆಗೆ ಕೇಳಿ ಎಂಟು ತಿಂಗಳಾಯ್ತು. ನಿಮ್ಮನ್ನ ಕೇಳ್ದೆ ಹೂಂ ಅನ್ನಲ್ಲ ಅಂತಾರೆ. ನಿಮ್ಮನ್ನ ಕೇಳೋಕೂ ಅವರಿಗೆ ಆಗ್ತಿಲ್ಲ.”

ನಾನು ಏನು ಹೇಳಿದೆ ಗೊತ್ತೇನು? ಪುಸ್ತಕ ಆಗೋಕೆ ಒಂದು ತಿಂಗಳು ಬೇಕು, ಆಮೇಲೆ ಬನ್ನಿ ಅಂದೆ. ಅಷ್ಟೇ. ಕುಡಿಯಲು ನೀರು ಬೇಕಾ ಅಂತಲೂ ಕೇಳಲಿಲ್ಲ. ನಿನ್ನ ಹತ್ತಿರ ಮುಚ್ಚಿಡುವುದೇನು, ನನಗೆ ಸಿಟ್ಟು ಬಂದಿತ್ತು. ಅವರು ಅಂಗಡಿಯ ಮೆಟ್ಟಿಲು ಇಳಿಯುವಾಗ ಬೆನ್ನು ನೋಡಿದೆ. ನನ್ನ ಮಗ ಇವರಿಗಿಂತ ಎತ್ತರವಿದ್ದ ಅಂತ ಅನ್ನಿಸಿತು. ಇವರ ನಡಿಗೆ ನಿಧಾನ, ಅವನು ಎರಡೆರಡು ಮೆಟ್ಟಿಲು ಹಾರುತ್ತಿದ್ದ. ಹೀಗೆ ತೂಗಿ ನೋಡುವುದಕ್ಕೆ ಅವನಾದರೂ ಇದ್ದಾನೆಯೇ? ಅವನು ಹೋಗಿ ನಾಲ್ಕು ವರ್ಷವಾಯಿತು. ಆಮೇಲೆ ನನ್ನ ಮೇಲೇ ನಾಚಿಕೆಯಾಗಿ, ಒಂದು ತಿಂಗಳು ಬೇಕು ಅಂದಿದ್ದ ಪುಸ್ತಕವನ್ನು ಅವತ್ತೇ ಸಂಜೆಗೆ ಮುಗಿಸಿದೆ. ಬೆನ್ನಿಗೆ ಒಳ್ಳೆಯ ಕಂದು ಬಟ್ಟೆ ಹಾಕಿದ್ದೇನೆ. ಇನ್ನು ಅವರು ಬೇಕೆಂದೇ ಎಳೆದರೂ ಕಿತ್ತು ಬರುವುದಿಲ್ಲ.

ನನಗೆ ಬೇಜಾರಾದದ್ದು ಅವರು ಕೇಳಿದ್ದಕ್ಕಲ್ಲ, ನೀನು ಹೇಳದೇ ಇದ್ದದ್ದಕ್ಕೆ. ಅವನು ಹೋದ ಮೇಲೆ ನಾವಿಬ್ಬರೂ ಕೆಳಗಡೆ ಎದುರುಬದುರು ಕೂತು ತಿಂಗಳುಗಟ್ಟಲೆ ಹಾಳೆ ಮಡಿಸಿದೆವಲ್ಲ, ಒಂದು ಮಾತಿಲ್ಲ, ಕತೆಯಿಲ್ಲ. ಆಗಲೂ ನಿನಗೆ ಹೊಟ್ಟೆ ಹಸಿದರೆ ನನಗೆ ಗೊತ್ತಾಗುತ್ತಿತ್ತು. ಈಗ ಎಂಟು ತಿಂಗಳು ಒಂದು ಮಾತನ್ನು ಬಾಯಲ್ಲಿಟ್ಟುಕೊಂಡು ಓಡಾಡಿದ್ದೀಯ, ನನಗೆ ಗೊತ್ತಾಗಲಿಲ್ಲ. ಮೇಲಿಂದ ಆ ಕುಟುಂಬ ಕಾರ್ಡಿನ ವಿಷಯ ಬೇರೆ. ಇಲ್ಲಿಯ ಕಾರ್ಡಿನಿಂದ ಹೆಸರು ತೆಗೆಸಿದರೆ ತಾನೇ ಅಲ್ಲಿ ಹೊಸ ಕಾರ್ಡು, ಕಾರ್ಡಿದ್ದರೆ ತಾನೇ ಆಸ್ಪತ್ರೆಯ ಕ್ವಾರ್ಟರ್ಸು? ಒಂದು ವರ್ಷದಿಂದ ಹೇಳುತ್ತಿದ್ದೇನೆ. ನೀನು ‘ಇರ್ಲಿ ಬಿಡಿ ಅತ್ತೆ, ನನ್ನ ಹೆಸರು ಅಲ್ಲೇ ಇರ್ಲಿ’ ಅನ್ನುತ್ತಾ ಒಂದು ಕೋಣೆಯಲ್ಲಿ ನಾಲ್ಕು ಜನರ ಜೊತೆ ಮಲಗುತ್ತಿದ್ದೀಯ. ಯಾಕೆ ಇರಲಿ ಅಂತ ನನಗೆ ಅರ್ಥವಾಗುವುದಿಲ್ಲವೇ? ನಾನು ಒಬ್ಬಳೇ ಆಗಿಬಿಡುತ್ತೇನೆ ಅಂತ. ಅದಕ್ಕೇ ಈ ಕೆಲಸ ನಾನೇ ಮಾಡಿಬಿಡುತ್ತೇನೆ ಅಂತ ಸೋಮವಾರ ಟೊಂಕ ಕಟ್ಟಿದೆ.

ಆಫೀಸಿಗೆ ಹೋಗಬೇಕಿಲ್ಲ, ಎಲ್ಲ ಆನ್‌ಲೈನು ಅಂದರು. ನೀನು ಕೊಟ್ಟುಹೋದ ಫೋನಿನಲ್ಲಿ ಹುಡುಕುವ ಜಾಗ ಸಿಕ್ಕಿತು. ಸರ್ಕಾರಕ್ಕೆ ಬರೆಯುವಾಗ ಮರ್ಯಾದೆಯಿಂದ ಬರೆಯಬೇಕಲ್ಲ, ‘ಮಾನ್ಯರೇ, ನಾನು ಕೆಳಗೆ ಸಹಿ ಮಾಡಿರುವ ಅರ್ಜಿದಾರಳು, ನನ್ನ ಸೊಸೆಯ ಹೆಸರನ್ನು’ ಅಂತ ಶುರು ಮಾಡಿ ಮುಕ್ಕಾಲು ಗಂಟೆ ಒಂದೊಂದೇ ಅಕ್ಷರ ಒತ್ತಿದೆ. ಬಂದ ಪುಟದಲ್ಲಿ ಮುದ್ರೆಯಿತ್ತು, ಬಾವುಟವಿತ್ತು, ಕೈಮುಗಿದ ಚಿತ್ರವಿತ್ತು. ಕಾರ್ಡಿನ ನಂಬರು, ಬ್ಯಾಂಕಿನ ನಂಬರು, ಎಲ್ಲ ಕೇಳಿತು. ನಮ್ಮ ಕಾರ್ಡಿಗೂ ಬ್ಯಾಂಕಿಗೂ ಎಲ್ಲಿಯ ನೆಂಟಸ್ತಿಕೆ ಅಂತ ಅನುಮಾನ ಬಂತು. ಫೋನನ್ನು ಹಾಗೇ ಹಿಡಿದುಕೊಂಡು ವಾಚನಾಲಯದ ಮೇಡಂ ಹತ್ತಿರ ಹೋದೆ. ಅವರು ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಅದು ಸರ್ಕಾರದ್ದೇ ಅಲ್ಲವಂತೆ, ಯಾರೋ ಕಳ್ಳರು ಬಲೆ ಹಾಕಿಕೊಂಡು ಕೂತಿದ್ದರಂತೆ. ಮುದ್ರೆ ಬಾವುಟ ನೋಡಬೇಡಿ, ಮೇಲೆ ವಿಳಾಸ ಇರುತ್ತಲ್ಲ, ಅದರ ತುದಿ ನೋಡಿ, ಸರ್ಕಾರದ ವಿಳಾಸದ ತುದಿಯೇ ಬೇರೆ ಅಂತ ತೋರಿಸಿಕೊಟ್ಟರು. ಈಗ ನಾನು ಯಾವ ಪುಟ ಬಂದರೂ ಮೊದಲು ತುದಿ ನೋಡುತ್ತೇನೆ. ಬೀದಿಯ ಮೂವರಿಗೆ ಹೇಳಿಕೊಟ್ಟೂ ಆಯಿತು. ನಗಬೇಡ.

ಮಂಗಳವಾರ ವಾಚನಾಲಯದ ಕಂಪ್ಯೂಟರಿನಲ್ಲೇ ಸರಿಯಾದ ಪುಟ ತೆಗೆಸಿದರು. ಯಾವ ಯಾವ ದಾಖಲೆ ಬೇಕು, ಎಷ್ಟು ದಿನ ಹಿಡಿಯುತ್ತದೆ, ತಕರಾರಿದ್ದರೆ ಯಾರಿಗೆ ಹೇಳಬೇಕು, ಎಲ್ಲ ನಮ್ಮ ಭಾಷೆಯಲ್ಲೇ ಬರೆದಿಟ್ಟಿದ್ದಾರೆ. ಇಷ್ಟು ವರ್ಷ ಇದನ್ನೇ ಕೇಳಲು ಕಿಟಕಿಯಿಂದ ಕಿಟಕಿಗೆ ಅಲೆಯುತ್ತಿದ್ದೆವು. ನಂಬರು ಹಾಕಿದ್ದೇ ತಡ, ನಮ್ಮ ಕಾರ್ಡು ತೆರೆದುಕೊಂಡಿತು. ಮೂರು ಸಾಲು. ಮೊದಲು ನನ್ನ ಹೆಸರು. ಎರಡನೆಯದು ಅವನದು, ಬೂದು ಬಣ್ಣದಲ್ಲಿ, ಪಕ್ಕದಲ್ಲಿ ‘ತೆಗೆಯಲಾಗಿದೆ, ಕಾರಣ: ಮರಣ’. ಮೂರನೆಯದು ನಿನ್ನದು. ಅವನ ಹೆಸರನ್ನು ನಾನು ಹೀಗೆ ನೋಡುತ್ತೇನೆ ಅಂತ ಅಂದುಕೊಂಡಿರಲಿಲ್ಲ, ಮಗಳೇ. ಹುಟ್ಟು ಸಾವಿನ ಎಷ್ಟು ರಿಜಿಸ್ಟರುಗಳಿಗೆ ಈ ಕೈಯಲ್ಲೇ ಹೊಲಿಗೆ ಹಾಕಿದ್ದೇನೆ, ಯಾವತ್ತೂ ಒಳಗಿನ ಹೆಸರು ಓದಿದವಳಲ್ಲ. ಮೇಡಂ ಎದ್ದು ಹೋಗಿ ಪೇಪರುಗಳನ್ನು ಜೋಡಿಸುತ್ತಾ ನಿಂತರು. ನಾನು ಸಾಕಾಗುವಷ್ಟು ಅತ್ತೆ.

ಆಮೇಲೆ ನಿನ್ನ ಸಾಲಿನ ಎದುರಿಗಿದ್ದ ‘ಹೆಸರು ತೆಗೆಯಿರಿ’ ಒತ್ತಿದೆವು. ತಕ್ಷಣ ‘ಹೆಸರು ತೆಗೆಯಲು ಕಾರಣ’ ಅಂತ ಕೇಳಿತು. ಕೆಳಗೆ ಮೂರೇ ಮೂರು: ಮರಣ, ವಿವಾಹ, ಸ್ಥಳಾಂತರ. ನನಗೆ ರಿಜಿಸ್ಟರಿನ ಅಭ್ಯಾಸ. ಎಂಥ ರಿಜಿಸ್ಟರಾದರೂ ಕೊನೆಯಲ್ಲಿ ‘ಷರಾ’ ಅಂತ ಒಂದು ಅಗಲವಾದ ಕಾಲಮು ಇರುತ್ತದೆ, ಬೇರೆ ಕಾಲಮುಗಳಲ್ಲಿ ಹಿಡಿಸದ್ದನ್ನು ಗುಮಾಸ್ತರು ಅಲ್ಲಿ ಬರೆಯುತ್ತಾರೆ. ಷರಾ ಎಲ್ಲಿದೆ ಮೇಡಂ, ನನಗೆ ಸ್ವಲ್ಪ ಬರೆಯುವುದಿದೆ ಅಂದೆ. ಇದರಲ್ಲಿ ಅದಿಲ್ಲ ಅಮ್ಮ, ಇವು ಮೂರರಲ್ಲಿ ಒಂದನ್ನೇ ಆರಿಸಬೇಕು, ಸ್ಥಳಾಂತರ ಅಂತ ಹಾಕಿ, ಬೇರೆ ಊರಿಗೆ ಹೋಗಿದ್ದಾರಲ್ಲ, ಕೆಲಸ ಮುಗಿಯಿತು ಅಂದರು. ಸರಿಯಾದ ಮಾತೇ. ಆದರೂ ನನ್ನ ಬೆರಳು ಮೇಲೇಳಲಿಲ್ಲ. ನಾಳೆ ಬರುತ್ತೇನೆ ಅಂತ ಎದ್ದು ಬಂದುಬಿಟ್ಟೆ.

ನಿನ್ನೆ ಅಂಗಡಿ ತೆರೆಯಲಿಲ್ಲ. ಮೇಲಿನ ಕೋಣೆ ಗುಡಿಸಿ, ನಿನ್ನ ಮಂಚದ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ನನಗೆ ಹೆದರಿಕೆಯಾಗುತ್ತಿದೆಯಾ ಅಂತ ನನ್ನನ್ನೇ ಕೇಳಿಕೊಂಡೆ. ಆಗುತ್ತಿತ್ತು. ಒಂದೇ ಸಾಲಿನ ಕಾರ್ಡು ಯಾರಿಗೆ ತಾನೇ ಬೇಕು? ಆದರೆ ನನ್ನ ಹೆದರಿಕೆಗೆ ನೀನು ಯಾಕೆ ಕೆಮ್ಮುತ್ತಾ, ಬಾಯಿ ಕಟ್ಟಿಕೊಂಡು, ಆ ಕೋಣೆಯಲ್ಲಿ ಮುದುಡಿ ಮಲಗಬೇಕು? ನೀನು ನನ್ನ ಮಗನನ್ನು ಎಷ್ಟು ಪ್ರೀತಿಸಿದೆ ಅಂತ ಬೇರೆ ಯಾರೂ ನೋಡದಿದ್ದರೂ ನಾನು ನೋಡಿದ್ದೇನೆ. ಅದಕ್ಕೆ ಇನ್ನೊಂದು ಪುರಾವೆ ನೀನು ಕೊಡಬೇಕಿಲ್ಲ. ಎದ್ದು ಮುಖ ತೊಳೆದು ವಾಚನಾಲಯಕ್ಕೆ ಹೋದೆ, ಅರ್ಜಿ ಮುಗಿಸಿ ಬಂದೆ. ಅರ್ಜಿಯ ಸಂಖ್ಯೆಯ ಚೀಟಿ ಇದರ ಜೊತೆ ಇಟ್ಟಿದ್ದೇನೆ, ಜೋಪಾನ.

ಕೆಮ್ಮಿಗೆ ಔಷಧಿ ತೆಗೆದುಕೋ. ಯಾವ ಕೌಂಟರಿನಲ್ಲಿ ಸಿಗುತ್ತದೆ ಅಂತ ನಾನು ಹೇಳಬೇಕಾಗಿಲ್ಲ. ಅವರಿಗೆ ಪುಸ್ತಕ ಆಗಿದೆ ಅಂತ ತಿಳಿಸು, ಈ ಸಲ ಬಂದರೆ ಊಟ ಮಾಡಿಯೇ ಹೋಗಬೇಕು ಅಂತಲೂ ಹೇಳು. ನೂರು ಕಾಲ ಸುಖವಾಗಿ ಬಾಳು, ನನ್ನ ಬಂಗಾರ.

ಇಂತಿ,
ನಿನ್ನ ಅತ್ತೆ

ತಾ.ಕ.: ಲಕೋಟೆ ಅಂಟಿಸುವ ಮೊದಲು ಇದೊಂದು. ಕಾರಣ ಏನು ಹಾಕಿದೆ ಅಂತ ಬರೆಯಲೇ ಇಲ್ಲ. ಮೇಡಂ ಹೇಳಿದ್ದನ್ನು ಹಾಕಲಿಲ್ಲ, ‘ವಿವಾಹ’ ಅಂತ ಒತ್ತಿದೆ. ಬದುಕಿರುವವರ ಹೆಸರು ತೆಗೆಯಬೇಕಾದರೆ ಅವರೇ ಒಪ್ಪಬೇಕಂತೆ, ಹಾಗಾಗಿ ನಿನ್ನ ಫೋನಿಗೆ ಒಂದು ಸಂದೇಶ ಬರುತ್ತದೆ. ಅದರಲ್ಲಿ ಕಾರಣವೂ ಇರುತ್ತದೆ, ಕೆಳಗೆ ‘ಒಪ್ಪಿಗೆ ಇದೆ’, ‘ಒಪ್ಪಿಗೆ ಇಲ್ಲ’ ಅಂತ ಎರಡು ಇರುತ್ತವೆ. ಹದಿನೈದು ದಿನ ಸಮಯವಿದೆ, ಅವಸರವಿಲ್ಲ. ಅವರು ನಿನಗೆ ಇಷ್ಟವಿಲ್ಲದಿದ್ದರೆ ‘ಇಲ್ಲ’ ಒತ್ತು, ಸ್ಥಳಾಂತರ ಅಂತ ಬೇರೆ ಅರ್ಜಿ ಹಾಕೋಣ, ಹಾದಿ ಈಗ ನನಗೆ ಗೊತ್ತು. ನನಗೋಸ್ಕರ ಮಾತ್ರ ‘ಇಲ್ಲ’ ಒತ್ತಬೇಡ ಮಗಳೇ.