ಮೆತ್ತನೆಯ ಗುಂಡಿಗೆ ಪರೀಕ್ಷೆ, ಗಟ್ಟಿ ಗುಂಡಿಗೆ ಕರಡಿ

ಮೀನುಗಣತಿ ಶಿಬಿರಗಳ ಸುರಕ್ಷತೆಯನ್ನು ಕುರ್ಚಿಯಲ್ಲಿ ಕುಳಿತು ಕಾಯುತ್ತಿರುವ ಮಾನ್ಯರೇ,

ಕೊಡಿಯಾಕ್ ದ್ವೀಪದ ನಮ್ಮ ಹೊಳೆಯಲ್ಲಿ ಹನ್ನೊಂದು ಬೇಸಿಗೆಗಳಿಂದ ಸಾಲ್ಮನ್ ಮೀನುಗಳನ್ನು ಎಣಿಸುತ್ತ ಬಂದ ಅಗಾಫಿಯಾ ಎಂಬ ಹೆಂಗಸು, ಕಳೆದ ಆಗಸ್ಟಿನಲ್ಲಿ ಕರಡಿ ಮೇಲೇರಿ ಬಂದಾಗ ಎರಡು ಗುಂಡುಗಳನ್ನು ಹಾರಿಸಿ ಎರಡನ್ನೂ ವ್ಯರ್ಥ ಮಾಡಿದಳೆಂದೂ, ಅದಕ್ಕೆ ಕಾರಣ ಆಕೆಯ 'ಅಭ್ಯಾಸಲೋಪ'ವೇ ಹೊರತು ಕಚೇರಿ ಕೊಟ್ಟ ರಿವಾಲ್ವರ್ ಅಲ್ಲವೆಂದೂ ತಾವು ಆಜ್ಞಾಪತ್ರ ಹೊರಡಿಸಿದ್ದೀರಿ. ಆಕೆ ಆ ಲೋಪವನ್ನು ಲಿಖಿತವಾಗಿ ಒಪ್ಪಿಕೊಂಡು, ಮೇ ಒಂಬತ್ತರಂದು ಮತ್ತೆ ಗುರಿಪರೀಕ್ಷೆಗೆ ನಿಂತು ತೇರ್ಗಡೆಯಾದರೆ ಈ ಬೇಸಿಗೆ ಕೆಲಸವುಂಟು, ಇಲ್ಲವಾದರೆ ಇಲ್ಲ. ತಮ್ಮ ವಾದಕ್ಕೆ ಆಧಾರವಾಗಿ ಒಂದು ಪ್ರಮಾಣಪತ್ರವನ್ನೂ ಲಗತ್ತಿಸಿದ್ದೀರಿ: ಕಳೆದ ಮೇ ತಿಂಗಳಲ್ಲಿ ಆಕೆ ಅದೇ ರಿವಾಲ್ವರಿನಿಂದ ಮೂವತ್ತಕ್ಕೆ ಇಪ್ಪತ್ತೇಳು ಗುರಿ ಹೊಡೆದಳೆಂದು. ಅದರ ಕೆಳಗಿರುವ ಸಹಿ ನನ್ನದು. ಈ ಪತ್ರ ಆ ಸಹಿಯ ಕುರಿತಾದದ್ದು. ಖಾಸಗಿಯಾಗಿ ಬರೆದ ಮೂರು ಪತ್ರಗಳಿಗೆ 'ತಲುಪಿದೆ' ಎಂಬ ಒಂದೇ ಪದದ ಉತ್ತರ ಬಂದುದರಿಂದ, ನಾಲ್ಕನೆಯದನ್ನು ದ್ವೀಪದ ಪತ್ರಿಕೆಯ ಮೂಲಕ ಕಳುಹಿಸುತ್ತಿದ್ದೇನೆ.

ನಾನು ನಮ್ಮೂರಿನ ಚರ್ಚಿನಲ್ಲಿ ವಾಚಕ. ನಲವತ್ತೊಂದು ವರ್ಷಗಳಿಂದ ಪೂಜಾವೇಳೆಯಲ್ಲಿ ಹಳೆಯ ಸ್ಲಾವಿಕ್ ನುಡಿಯ ಪಾಠಗಳನ್ನು ಓದುತ್ತಿದ್ದೇನೆ. ಹಿಂದೆ ಬೇಟೆಗಾರರಿಗೆ ದಾರಿ ತೋರುವ ವೃತ್ತಿಯಲ್ಲಿದ್ದವನಾದುದರಿಂದ ಶಿಬಿರದವರ ಗುರಿಪರೀಕ್ಷೆ ನಡೆಸುವ ಅಧಿಕಾರವನ್ನು ತಮ್ಮ ಕಚೇರಿಯೇ ನನಗೆ ಕೊಟ್ಟಿತು. ಅಗಾಫಿಯಾ ನನ್ನ ತಂಗಿಯ ಮಗಳು. ಪಕ್ಷಪಾತವೆಂದು ತಾವು ಹೇಳುವ ಮೊದಲೇ ನಾನು ಹೇಳಿಬಿಟ್ಟಿದ್ದೇನೆ.

ಮೊದಲು ಶಿಬಿರದವರ ಸೊಂಟದಲ್ಲಿ ಇದ್ದದ್ದು ಉಕ್ಕಿನ ರಿವಾಲ್ವರ್. ಮೂರು ಪೌಂಡಿಗೂ ಮಿಕ್ಕಿದ ತೂಕ. ದಿನವಿಡೀ ಹೊತ್ತರೆ ಸೊಂಟ ನೋಯುತ್ತದೆಂದು ಯಾರೋ ಗೊಣಗಿದರು. ತಾವು ದಯಾಳುಗಳು. ನಾಲ್ಕು ವಸಂತಗಳ ಹಿಂದೆ ಅದರ ಅರ್ಧ ತೂಕದ, ಹಗುರ ಲೋಹದ ಹೊಸದನ್ನು ಕಳುಹಿಸಿದಿರಿ. ಹೆಂಗಸರ ಕೈಗೆ ವಿಶೇಷವಾಗಿ ಹಿತಕರವೆಂದು ಸುತ್ತೋಲೆಯಲ್ಲಿ ಬರೆಸಿದಿರಿ. ತೋಟಾ ಮಾತ್ರ ಅದೇ, ಮದ್ದೂ ಅದೇ, ಕರಡಿಯೂ ಅದೇ. ಮದ್ದಿನ ನೂಕುಬಲವನ್ನು ಮೊದಲು ಉಕ್ಕು ನುಂಗುತ್ತಿತ್ತು. ಈಗ ಅದನ್ನು ಮೂಳೆ ನುಂಗಬೇಕು. ಸೊಂಟಕ್ಕೆ ಹಗುರವಾದದ್ದು ಕೈಗೂ ಹಗುರವೆಂದು ತಮಗೆ ಹೇಳಿದವರು ಯಾರು? ಅವರು ಒಮ್ಮೆಯಾದರೂ ಅದರ ಕುದುರೆಗೆ ಬೆರಳಿಟ್ಟು ಎಳೆದಿದ್ದರೇ?

ನಾನು ಎಳೆದಿದ್ದೇನೆ. ಮೊದಲ ಗುಂಡಿಗೆ ಹೆಬ್ಬೆರಳು ತೋರುಬೆರಳುಗಳ ನಡುವಿನ ಚರ್ಮ ಬಿರಿಯಿತು. ಮೂರನೆಯದಕ್ಕೆ ಹಿಡಿಯೇ ಅಂಗೈಯೊಳಗೆ ತಿರುಗಿ ಹೆಬ್ಬೆರಳ ಗೆಣ್ಣನ್ನು ಜಜ್ಜಿತು. ಐದನೆಯದನ್ನು ನಾನು ಕಣ್ಣು ಮುಚ್ಚಿ ಹೊಡೆದೆನೆಂದು ಒಪ್ಪಿಕೊಳ್ಳಲು ಈ ವಯಸ್ಸಿನಲ್ಲಿ ನಾಚಿಕೆಯಿಲ್ಲ. ಅದು ಈಸ್ಟರ್ ಹಬ್ಬಕ್ಕೆ ಮುಂಚಿನ ದೊಡ್ಡ ಉಪವಾಸದ ಕಾಲ. ಆ ಭಾನುವಾರ ಪಾಠದ ಹಾಳೆ ಮಗುಚಲು ಹೆಬ್ಬೆರಳು ಬಾಗಲಿಲ್ಲ. ನಮ್ಮ ಪಾದ್ರಿಗಳು ಪಕ್ಕದಲ್ಲಿ ನಿಂತು ಹಾಳೆ ತಿರುವಿದರು.

"ಯಾರ ಹತ್ರ ಹೊಡೆದಾಡಿದ್ರಿ, ಇನ್ನೊಕೆಂಟಿ?" ಎಂದರು ಪೂಜೆ ಮುಗಿದ ಮೇಲೆ.

"ಸರ್ಕಾರದ ಹತ್ರ, ಸ್ವಾಮಿ."

"ಗೆದ್ದೋರು ಯಾರು ಅಂತ ಕೇಳೋ ಹಾಗೇ ಇಲ್ಲ ಬಿಡಿ."

ಇನ್ನು ಪರೀಕ್ಷೆಯ ಸಂಗತಿ. ತಮ್ಮ ಕಚೇರಿಯಿಂದ ಆಯುಧಗಳನ್ನು ತರುವ ವೆಂಡೆಲ್ ಎಂಬಾತ ಆ ಮೊದಲ ವಸಂತದಲ್ಲಿ ಜಲ್ಲಿ ತೆಗೆದ ಹಳ್ಳದ ಬಳಿ ಗಾಡಿ ನಿಲ್ಲಿಸಿ ಎರಡು ಬಗೆಯ ಪೆಟ್ಟಿಗೆಗಳನ್ನು ಇಳಿಸಿದ. ಕೆಂಪು ಪೆಟ್ಟಿಗೆಯಲ್ಲಿ ಕಡಿಮೆ ಮದ್ದಿನ ಮೆತ್ತನೆಯ ತೋಟಾ, ಕಪ್ಪು ಪೆಟ್ಟಿಗೆಯಲ್ಲಿ ಕರಡಿಗೆಂದೇ ತುಂಬಿದ ಗಟ್ಟಿ ತೋಟಾ.

"ಪರೀಕ್ಷೆಗೆ ಕೆಂಪು, ಕಾಡಿಗೆ ಕಪ್ಪು. ಅಷ್ಟೇ ಯಜಮಾನ್ರೇ," ಎಂದ.

"ಇದನ್ನ ಕರಡಿಗೆ ತಿಳಿಸಿದೀರಾ?" ಎಂದು ಕೇಳಿದೆ.

"ನೋಡಿ, ನಿಯಮದಲ್ಲಿ ಯಾವ ರಿವಾಲ್ವರ್ ಅಂತ ಬರೆದಿದಾರೆ. ಯಾವ ತೋಟಾ ಅಂತ ಬರೆದಿಲ್ಲ. ಕಪ್ಪು ಪೆಟ್ಟಿಗೇಲಿ ಪರೀಕ್ಷೆ ಇಟ್ರೆ ಅರ್ಧ ಜನ ಫೇಲು. ಆಮೇಲೆ ಹೊಳೇಲಿ ಮೀನು ಯಾರು ಎಣಿಸ್ತಾರೆ? ನೀವಾ?"

ನಾನು ಸಹಿ ಹಾಕಿದೆ. ನಾಲ್ಕು ವಸಂತಗಳಲ್ಲಿ ಇಪ್ಪತ್ತಾರು ಜನರಿಗೆ ಹಾಕಿದೆ. ಎಲ್ಲರೂ ತೇರ್ಗಡೆ. ಇಷ್ಟು ಒದೆಯುವ ಆಯುಧದಲ್ಲಿ ಒಬ್ಬನಾದರೂ ತಪ್ಪದಿರುವುದು ಹೇಗೆಂದು ತಮ್ಮಲ್ಲಿ ಯಾರಿಗೂ ಸಂಶಯ ಮೂಡಲಿಲ್ಲ. ಫಲಿತಾಂಶ ಚೆನ್ನಾಗಿದ್ದರೆ ಪ್ರಶ್ನೆ ಕೇಳುವುದು ಅಶುಭವೆಂದು ಭಾವಿಸುವ ಸಂಪ್ರದಾಯ ತಮ್ಮಲ್ಲೂ ಇರಬಹುದು.

ಆಗಸ್ಟ್ ಹದಿನಾಲ್ಕರ ಬೆಳಗ್ಗೆ ಹೊಳೆಗೆ ಅಡ್ಡ ಕಟ್ಟಿದ ಬೇಲಿಯ ಕಿಂಡಿ ತೆರೆದು, ಮೇಲಿನ ಹಲಗೆಯ ಮೇಲೆ ಕುಳಿತು ಅಗಾಫಿಯಾ ಮೀನು ಎಣಿಸುತ್ತಿದ್ದಳು. ಕರಡಿ ಈ ದಡದಿಂದ ಹಲಗೆ ಹತ್ತಿತು. ಅವಳು ಎದ್ದು ನಿಂತು, ಕಲಿತ ಪ್ರಕಾರ ಗದರಿಸಿದಳು. ಅದು ನಿಲ್ಲಲಿಲ್ಲ. ಹನ್ನೆರಡು ಹೆಜ್ಜೆಯ ಅಂತರದಲ್ಲಿ ಮೊದಲ ಗುಂಡು ಅವಳ ಮುಂದಿನ ಹಲಗೆಯನ್ನೇ ಸೀಳಿತು. ಎರಡನೆಯದು ಕರಡಿಯ ತಲೆಯ ಮೇಲಿಂದ ಹೋಯಿತು. ಮೂರನೆಯ ಬಾರಿ ಕುದುರೆ ಎಳೆದಾಗ ತೋಟಾ ತುಂಬಿದ ಉರುಳೆ ತಿರುಗಲೇ ಇಲ್ಲ. ಕಾರಣವನ್ನು ಆಮೇಲೆ ನಾನೇ ಬಿಚ್ಚಿ ಕಂಡೆ: ಎರಡು ಒದೆತಗಳ ಜಗ್ಗಾಟಕ್ಕೆ, ಹಾರದೆ ಉಳಿದ ತೋಟಾವೊಂದರ ಗುಂಡು ತನ್ನ ಗೂಡಿನಿಂದ ಮುಂದಕ್ಕೆ ಜಾರಿ, ಉರುಳೆಗೆ ಅಗುಳಿಯಂತೆ ಅಡ್ಡ ನಿಂತಿತ್ತು. ಶಿಬಿರದ ಜೊತೆಗಾರ ಲಾವ್ರೆಂಟಿ ಕಾಫಿಯ ಪಾತ್ರೆಯನ್ನು ಬಾಣಲೆಗೆ ಬಡಿಯುತ್ತ ಓಡಿ ಬಂದದ್ದಕ್ಕೆ ಕರಡಿ ಹಿಂದಿರುಗಿತು. ಅಷ್ಟರಲ್ಲಿ ಅದರ ಒಂದು ಹೊಡೆತಕ್ಕೆ ಅಗಾಫಿಯಾಳ ಎಡಗೈ ಮುರಿದು, ಅವಳು ಹೊಳೆಗೆ ಬಿದ್ದಿದ್ದಳು. ಆ ದಿನ ಕೆಲಸ ಮಾಡಿದ ಆಯುಧ ಬಾಣಲೆ. ಅದರ ತೂಕವನ್ನು ತಗ್ಗಿಸುವ ಯೋಜನೆ ತಮ್ಮಲ್ಲಿಲ್ಲವೆಂದು ನಂಬುತ್ತೇನೆ.

ಮಾನ್ಯರೇ, ಇಲ್ಲಿಗೆ ಮುಗಿದಿದ್ದರೆ ಈ ಪತ್ರ ಸುಲಭವಾಗಿತ್ತು. ತಮ್ಮ ಆಜ್ಞೆ ಬಂದ ದಿನ ಅಗಾಫಿಯಾ ನಮ್ಮ ಅಡುಗೆಮನೆಗೆ ಬಂದು ಕುಳಿತಳು. ಚಹಾ ಮುಟ್ಟಲಿಲ್ಲ.

"ತಪ್ಪೊಪ್ಪಿಗೆ ಪತ್ರಕ್ಕೆ ಸಹಿ ಹಾಕ್ತೀನಿ ಮಾವ. ಒಂಬತ್ತನೇ ತಾರೀಖು ಕೆಂಪು ಪೆಟ್ಟಿಗೇಲಿ ಇಪ್ಪತ್ತೇಳು ಏನು, ಮೂವತ್ತಕ್ಕೆ ಮೂವತ್ತೂ ಹೊಡೀತೀನಿ. ನೀವು ಬರ್ಕೊಡಿ, ಸಾಕು."

"ಬರೆಯಲ್ಲ."

"ನಾಲ್ಕು ವರ್ಷ ಬರೆದ್ರಲ್ಲ? ಆಗ ನಿಮ್ಮ ದೇವರು ಊರಲ್ಲಿರಲಿಲ್ವಾ?"

"ಇದ್ದ. ನಾನೇ ಆ ಕಡೆ ನೋಡಲಿಲ್ಲ."

"ಬರೆದದ್ದು ಸುಳ್ಳೇನಲ್ಲ. ಇಪ್ಪತ್ತೇಳು ಹೊಡೆದೆ, ನಿಜ ತಾನೇ?"

"ನಿಜಾನೇ ಬರೆದೆ. ಪೂರ್ತಿ ಬರೀಲಿಲ್ಲ."

"ಹನ್ನೊಂದು ಬೇಸಿಗೆ ಆ ಹಲಗೆ ಮೇಲೆ ಕೂತಿದೀನಿ. ನನಗೆ ಬೇರೆ ಕೆಲಸ ಬೇಕಾಗಿಲ್ಲ. ನಿಮ್ಮ ಪಾಪ ಕಳ್ಕೊಳ್ಳೋಕೆ ನನ್ನ ಹೊಳೆ ಕಿತ್ಕೋತೀರಾ ಮಾವ?"

ಮರುದಿನ ಅವಳನ್ನು ಜಲ್ಲಿಹಳ್ಳಕ್ಕೆ ಕರೆದೊಯ್ದೆ. ನಮ್ಮಲ್ಲಿ ಹಳೆಯದೊಂದು ಪದ್ಧತಿಯಿದೆ. ಹೊಡೆಯುವವನಿಗೆ ತಿಳಿಯದಂತೆ ಗಟ್ಟಿ ತೋಟಾಗಳ ನಡುವೆ ಒಂದೆರಡು ಖಾಲಿ ತೋಟಾ ಸೇರಿಸಿ ಕೊಡುವುದು. ಖಾಲಿಯ ಮೇಲೆ ರಿವಾಲ್ವರಿನ ಸುತ್ತಿಗೆ ಬಿದ್ದಾಗ ಒದೆತವಿಲ್ಲ. ಆಗ ನಳಿಗೆ ಅಲುಗಿದರೆ ಅದನ್ನು ಅಲುಗಿಸಿದ್ದು ಹೆದರಿಕೆ. ಹಗುರ ರಿವಾಲ್ವರಿನಲ್ಲಿ ಹಾಗೆ ತುಂಬಿ ಕೊಟ್ಟೆ. ಒಂದು ಗುಂಡು ಸಿಡಿಯಿತು. ಅವಳು ಹಲ್ಲು ಕಚ್ಚಿದಳು. ಎರಡನೆಯದು ಖಾಲಿ. ಟಕ್ಕೆಂದು ಸದ್ದಾಯಿತಷ್ಟೆ, ಆದರೆ ನಳಿಗೆಯ ತುದಿ ಗೇಣುದ್ದ ನೆಲಕ್ಕೆ ಬಾಗಿತು. ಹನ್ನೊಂದು ವರ್ಷ ಕರಡಿಗಳ ಪಕ್ಕದಲ್ಲಿ ನಡೆದಾಡಿದ ಕೈ, ಗುಂಡೇ ಇಲ್ಲದ ತೋಟಾಕ್ಕೆ ಹೆದರಿ ತಲೆತಗ್ಗಿಸಿದ್ದನ್ನು ಅವಳೇ ಕಂಡಳು. ಹಲಗೆಯನ್ನು ಸೀಳಿದ ಗುಂಡು ಎಲ್ಲಿಂದ ಬಂತೆಂದು ನಾನು ಹೇಳಬೇಕಾಗಲಿಲ್ಲ.

"ಇನ್ನೊಂದ್ಸಲ ತುಂಬಿ," ಎಂದಳು. ಮತ್ತೆ ಬಾಗಿತು. ಆರು ಸಲ ತುಂಬಿದೆ, ಆರು ಸಲವೂ ಬಾಗಿತು. ಅವಳ ಕಣ್ಣಲ್ಲಿ ನೀರು. ನೋವಿಗೋ ಕೋಪಕ್ಕೋ ನಾನು ಕೇಳಲಿಲ್ಲ.

ಬಳಿಕ ನನ್ನ ಸ್ವಂತದ ಹಳೆಯ ಉಕ್ಕಿನದನ್ನು ಕೊಟ್ಟೆ, ಅದೇ ಕಪ್ಪು ಪೆಟ್ಟಿಗೆಯ ತೋಟಾ. ಅದೂ ಒದೆಯಿತು, ಆದರೆ ತಡೆದುಕೊಳ್ಳುವಷ್ಟು. ಖಾಲಿಯ ಮೇಲೆ ಸುತ್ತಿಗೆ ಬಿದ್ದಾಗ ಮೊದಮೊದಲು ಸ್ವಲ್ಪ ಕಂಪಿಸಿದ ನಳಿಗೆ ಮೂರು ವಾರಗಳ ಅಭ್ಯಾಸದ ನಂತರ ನಿಶ್ಚಲವಾಯಿತು. ನಿನ್ನೆ ಮೂವತ್ತಕ್ಕೆ ಇಪ್ಪತ್ತಮೂರು. ಕೆಂಪು ಪೆಟ್ಟಿಗೆಯ ಇಪ್ಪತ್ತೇಳಕ್ಕಿಂತ ಕಡಿಮೆಯೇ. ಎರಡರಲ್ಲಿ ಯಾವುದನ್ನು ನಂಬಿ ಆ ಹಲಗೆಯ ಮೇಲೆ ಕೂರುವಿರೆಂದು ತಮ್ಮನ್ನು ಕೇಳಬಹುದೇ?

"ತೂಕ ಜಾಸ್ತಿ ಅಂತ ದೂರು ಹೇಳಿದ್ದು ನಾನೇ ಮಾವ, ನಾಲ್ಕು ವರ್ಷದ ಹಿಂದೆ," ಎಂದಳು ರಿವಾಲ್ವರ್ ಒರೆಸುತ್ತ. "ಅದನ್ನೂ ಬರೀರಿ. ಆದ್ರೆ ಆ ತಪ್ಪೊಪ್ಪಿಗೆ ಪತ್ರಕ್ಕೆ ನಾನು ಸಹಿ ಹಾಕಲ್ಲ. ಹೊಳೆ ಹೋದ್ರೆ ಹೋಗಲಿ." ಬರೆದಿದ್ದೇನೆ.

ಆದ್ದರಿಂದ ನನ್ನ ಆಗ್ರಹ ಇದು. ಅಗಾಫಿಯಾಳ ಮೇಲಿನ ಅಭ್ಯಾಸಲೋಪದ ಆರೋಪವನ್ನು ಹಿಂತೆಗೆದುಕೊಳ್ಳಿ. ಯಾವ ತೋಟಾವನ್ನು ಕಾಡಿಗೆ ಒಯ್ಯುವರೋ ಅದರಲ್ಲೇ ಪರೀಕ್ಷೆಯಾಗಲೆಂದು ನಿಯಮ ಬರೆಯಿರಿ. ಉಕ್ಕಿನ ರಿವಾಲ್ವರುಗಳನ್ನು ಉಗ್ರಾಣದಿಂದ ಹೊರತೆಗೆದು, ಬೇಕೆಂದವರಿಗೆ ಹಿಂದಿರುಗಿಸಿ. ನಾನು ಸಹಿ ಮಾಡಿದ ಇಪ್ಪತ್ತಾರು ಪ್ರಮಾಣಪತ್ರಗಳನ್ನು ರದ್ದುಗೊಳಿಸಿ, ಆ ಇಪ್ಪತ್ತಾರು ಜನರಿಗೂ ಬೇಲಿಗಳು ಹೊಳೆಗಿಳಿಯುವ ಮುನ್ನವೇ ತಿಳಿಸಿ. ಪರೀಕ್ಷಕನ ಅಧಿಕಾರವನ್ನು ನನ್ನಿಂದ ಕಿತ್ತುಕೊಳ್ಳುವುದು ನ್ಯಾಯವೇ. ಆದರೆ ಮೇ ಒಂಬತ್ತರ ಮಧ್ಯಾಹ್ನದವರೆಗೆ ತಡೆಯಿರಿ. ಅಂದು ಬೆಳಗ್ಗೆ ಹತ್ತಕ್ಕೆ ಅಗಾಫಿಯಾ ಜಲ್ಲಿಹಳ್ಳದಲ್ಲಿ ಉಕ್ಕಿನ ರಿವಾಲ್ವರ್ ಹಿಡಿದು ಗಟ್ಟಿ ತೋಟಾದಲ್ಲಿ ಪರೀಕ್ಷೆಗೆ ನಿಲ್ಲುತ್ತಾಳೆ. ಎಷ್ಟು ಹೊಡೆದಳು, ಯಾವುದರಿಂದ, ಯಾವ ಪೆಟ್ಟಿಗೆಯಿಂದ ಎಂಬುದೆಲ್ಲವನ್ನೂ ನಾನು ಬರೆಯುತ್ತೇನೆ. ತಾವು ಬರಬೇಕು. ಅವಳಿಗಿಂತ ಮೊದಲು ತಮ್ಮ ಹಿತಕರವಾದ ರಿವಾಲ್ವರಿನಿಂದ ಐದೇ ಐದು ಗಟ್ಟಿ ಗುಂಡುಗಳನ್ನು ತಾವು ಹಾರಿಸಬೇಕು. ಆಮೇಲೆ, ಅದೇ ಕೈಯಿಂದ ಲೇಖನಿ ಹಿಡಿಯಲು ಸಾಧ್ಯವಾದರೆ, ಅವಳು ಹೊಳೆಗೆ ತಕ್ಕವಳಲ್ಲವೆಂದು ಬರೆಯಿರಿ.

ಇಂತಿ,
ನಾಲ್ಕು ವಸಂತ ಅರೆಸತ್ಯಕ್ಕೆ ಪೂರ್ಣ ಸಹಿ ಹಾಕಿದ, ಸದ್ಯಕ್ಕೆ ಇನ್ನೂ ತಮ್ಮ ಅಧಿಕೃತ ಪರೀಕ್ಷಕ,
ಇನ್ನೊಕೆಂಟಿ ಶಂಗಿನ್